ಎರಡು ಪ್ಲೇಟಿಗೆ ಒಂದು ಚೀಲ

ಹಗರಿಬೊಮ್ಮನಹಳ್ಳಿಯಲ್ಲಿ ಯಾರ ಮನೆಗೆ ಸ್ಲ್ಯಾಬ್ ಬೀಳಬೇಕಾದರೂ ಅವರು ಮೊದಲು ಹೈದರಸಾಬನ ಶೆಡ್ಡಿಗೆ ಬರುತ್ತಿದ್ದರು. ಸ್ಟೇಷನ್ ರಸ್ತೆಯ ಆ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಸೆಂಟ್ರಿಂಗ್ ಪ್ಲೇಟುಗಳು, ಕಬ್ಬಿಣದ ಜಾಕುಗಳು, ಹಲಗೆಗಳು ಒಟ್ಟಿರುತ್ತಿದ್ದವು. ಮೇಲೆ ಸುರಿದ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಕೆಳಗಿನಿಂದ ಹೊತ್ತು ನಿಲ್ಲುವ ಸಾಮಾನು ಇವು. ಬಾಡಿಗೆಗೆ ಕೊಡುವುದು, ತಾನೇ ನಿಂತು ಜೋಡಿಸುವುದು, ಆಮೇಲೆ ಬಿಚ್ಚಿಸಿಕೊಂಡು ಬರುವುದು ಹೈದರಸಾಬನ ನಲವತ್ತು ವರ್ಷದ ಕಸುಬು. ಬಂದವರು ಬಾಡಿಗೆ ಮಾತಾಡಿದ ಮೇಲೆ ಇನ್ನೊಂದು ಮಾತು ಕೇಳದೆ ಹೋಗುತ್ತಿರಲಿಲ್ಲ.

“ಸಾಬ್ರೇ, ಸಿಮೆಂಟು ಎಷ್ಟು ಹಿಡೀತೈತಿ?”

ಹೈದರಸಾಬ ಗಡ್ಡ ಕೆರೆದುಕೊಂಡು, ಎಷ್ಟು ಪ್ಲೇಟು ಹೋಗುತ್ತವೆಂದು ಮನಸ್ಸಿನಲ್ಲೇ ಎಣಿಸಿ, “ಎರಡು ಪ್ಲೇಟಿಗೆ ಒಂದು ಚೀಲ. ಮ್ಯಾಲೆ ಐದು ಚೀಲ ಬರ್ಕತ್ತಿಗೆ” ಅನ್ನುತ್ತಿದ್ದ. ಮಾತು ಅಲ್ಲಿಗೆ ಮುಗಿಯಿತು. ಯಾರ ಮನೆಯಲ್ಲೂ ಕಮ್ಮಿ ಬಿದ್ದದ್ದಿಲ್ಲ. ಒಂದೆರಡು ಚೀಲ ಉಳಿದರೆ ಅದರಲ್ಲಿ ಬಾಗಿಲ ಮುಂದೆ ಕಟ್ಟೆ ಕಟ್ಟಿಕೊಂಡು ಸಾಬರನ್ನು ನೆನೆಯುತ್ತಿದ್ದರು.

ಊರಿಗೆಲ್ಲ ಛತ್ತು ಹೊದಿಸಿದ ಮನುಷ್ಯ ತಾನು ಮಾತ್ರ ತಗಡಿನ ಕೆಳಗೇ ಸಂಸಾರ ಮಾಡಿದ. ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಮನೆ ಅಂದರೇನು ಅಂತ ಅದರಲ್ಲಿ ಇದ್ದವರಿಗೇ ಗೊತ್ತು. ಹೆಂಡತಿ ಮಹಬೂಬ್ ಬೀ ಅದರಲ್ಲೇ ಇಬ್ಬರು ಮಕ್ಕಳನ್ನು ಹೆತ್ತಳು, ಸಾಕಿದಳು, ಮದುವೆ ಮಾಡಿದಳು. ಮಗ ಮುಜೀಬ ಕೂಡ್ಲಿಗಿ ರಸ್ತೆಯಲ್ಲಿ ಗ್ಯಾರೇಜು ಹಾಕಿ ನಾಲ್ಕು ಕಾಸು ಕಂಡ ಮೇಲೆ, ಈ ವರ್ಷ ಮನೆ ಆಗಲೇಬೇಕು ಎಂದು ಹಟ ಹಿಡಿದ. ಹಳೆಯ ಮನೆ ಕೆಡವಿದರು. ಗೋಡೆ ಏಳುವ ತನಕ ಇಡೀ ಸಂಸಾರ ಪಕ್ಕದ ಪ್ಲೇಟಿನ ಶೆಡ್ಡಿಗೆ ಬಂತು.

ಒಂದೇ ಶೆಡ್ಡಿನಲ್ಲಿ ಏಳು ಜನ. ಮುದುಕ, ಮುದುಕಿ, ಮುಜೀಬ, ಅವನ ಹೆಂಡತಿ ಪರ್ವೀನ್, ಅವರ ಎರಡು ಹೆಣ್ಣು ಕೂಸುಗಳು, ಮತ್ತೆ ಗುಲಫಶಾ. ಗುಲಫಶಾ ಹೈದರಸಾಬನ ಮಗಳು. ಕೊಟ್ಟೂರಿಗೆ ಕೊಟ್ಟಿದ್ದರು. ಅಲ್ಲಿ ಬಾಳಲಾಗದೆ, ತಾನೇ ಕೇಳಿ ಖುಲಾ ಅಂದರೆ ಮದುವೆಯ ಬಿಡುಗಡೆ ಪಡೆದು ಎರಡು ವರ್ಷದ ಹಿಂದೆ ವಾಪಸು ಬಂದಿದ್ದಳು. ಈಗ ಹತ್ತಿರದ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಆರನೇ ಏಳನೇ ಕ್ಲಾಸಿಗೆ ಗಣಿತ ಹೇಳುತ್ತಾಳೆ. ಬಂದ ದಿನ ಯಾರೂ ಅವಳನ್ನು ಯಾಕೆ ಬಂದೆ ಅಂತ ಕೇಳಲಿಲ್ಲ. ಆದರೆ ಎಲ್ಲಿ ಮಲಗುತ್ತೀ ಅಂತಲೂ ಕೇಳಲಿಲ್ಲ. ಹಳೆಯ ಮನೆಯಲ್ಲಿ ಅಡುಗೆ ಒಲೆಯ ಪಕ್ಕ ಮಲಗುತ್ತಿದ್ದಳು. ಶೆಡ್ಡಿಗೆ ಬಂದ ಮೇಲೆ ಅವಳೇ ಮೂಲೆಯಲ್ಲಿ ಪ್ಲೇಟುಗಳನ್ನು ಎದೆಮಟ್ಟಕ್ಕೆ ಒಂದರ ಮೇಲೊಂದು ಒಟ್ಟಿ, ಹಿಂದೆ ಚಾಪೆ ಹಾಸಿಕೊಂಡಳು. ಪ್ಲೇಟುಗಳಿಗೆ ಒಂದು ಹಳೆಯ ಸೀರೆ ಹೊದಿಸಿ, ಮೇಲೆ ಪುಸ್ತಕ ಇಟ್ಟಳು. ಹುಟ್ಟಿದಾಗಿನಿಂದ ಅವಳದು ಅಂತ ಇದ್ದ ಗೋಡೆ ಅದೊಂದೇ.

ಹೊಸ ಮನೆಯ ನಕ್ಷೆಯಲ್ಲಿ ಹಿಂದಿನ ಮೂಲೆಗೆ ಒಂದು ಸಣ್ಣ ರೂಮು ಇತ್ತು. ಮಹಬೂಬ್ ಬೀ ಇಂಜಿನಿಯರು ಪ್ರವೀಣಕುಮಾರನ ಎದುರಿಗೇ “ಇದು ಗುಲ್ಲೂಂದು” ಅಂದಿದ್ದಳು. ಯಾರೂ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಗೋಡೆ ಮೇಲೆದ್ದಿತು. ಸ್ಲ್ಯಾಬಿನ ಮಾತು ಬಂತು. ಜಗಳ ಶುರುವಾದದ್ದು ಆಗ.

ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಪರ್ವೀನ್ ಮೆಂತ್ಯದ ಪಲ್ಯ ಬಡಿಸುತ್ತಿದ್ದಳು. ಮುಜೀಬ ಅಂದ, “ಅಬ್ಬಾ, ಇಂಜಿನಿಯರು ತೊಂಬತ್ತೈದು ಚೀಲ ಅಂದಾನ.”

“ಯಾರಿಗೆ?” ಅಂದ ಹೈದರಸಾಬ.

“ನಮ್ಮ ಸ್ಲ್ಯಾಬಿಗೆ.”

“ನೂರಾ ಐವತ್ತು ಪ್ಲೇಟು ಹೋಗತಾವ. ಎರಡು ಪ್ಲೇಟಿಗೆ ಒಂದು ಚೀಲ. ಎಪ್ಪತ್ತೈದು ಆತು. ಬರ್ಕತ್ತಿಗೆ ಐದು. ಎಂಬತ್ತು. ನಿಮ್ಮ ಇಂಜಿನಿಯರಿಗೆ ಸಿಮೆಂಟಿನ ಅಂಗಡಿಯವ ಏನರ ಕೊಡ್ತಾನೇನು ಕೇಳು.”

ಗುಲಫಶಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಅಬ್ಬಾ, ನಿಮ್ಮ ಲೆಕ್ಕ ನಾಲ್ಕಿಂಚಿನ ಛತ್ತಿಂದು. ಇದು ಐದಿಂಚು. ಮ್ಯಾಲೆ ಇನ್ನೊಂದು ಮನಿ ಕಟ್ಟೋದೈತಿ ಅಂತ ಇಂಜಿನಿಯರು ದಪ್ಪ ಮಾಡ್ಯಾನ. ಬೀಮುಗಳೂ ಅದಾವ.”

“ಪ್ಲೇಟು ಎಷ್ಟು?”

“ಪ್ಲೇಟು ಅಷ್ಟೇ. ಆದ್ರ ದಪ್ಪ...”

“ಪ್ಲೇಟು ಅಷ್ಟೇ ಅಂದ್ಯಲ್ಲ, ಮುಗೀತು.” ಹೈದರಸಾಬ ಚಟ್ನಿಗೆ ಎಣ್ಣೆ ಹಾಕಿಕೊಂಡ. “ನಾನು ಈ ಊರಾಗ ಎಷ್ಟು ಛತ್ತು ನಿಲ್ಲಿಸೀನಿ ಅಂತ ನಿನಗ ಗೊತ್ತೇನು? ನಿಮ್ಮ ಸಾಲಿ ಛತ್ತೂ ನಂದೇ.”

ಅವನ ತಪ್ಪು ಏನೆಂದು ಮಗನಿಗೂ ಮಗಳಿಗೂ ಕಾಣುತ್ತಿತ್ತು, ಅವನಿಗೆ ಮಾತ್ರ ಇಲ್ಲ. ನಲವತ್ತು ವರ್ಷ ಅವನು ಛತ್ತನ್ನು ಕೆಳಗಿನಿಂದಲೇ ನೋಡಿದವನು. ಮೇಲೆ ಕಾಂಕ್ರೀಟು ಬೀಳುವಾಗ ಅವನು ಕೆಳಗೆ ಜಾಕುಗಳ ನಡುವೆ, ಯಾವ ಪ್ಲೇಟು ಜಗ್ಗುತ್ತಿದೆ ಅಂತ ಕತ್ತೆತ್ತಿ ನೋಡುತ್ತ ನಿಂತಿರುತ್ತಿದ್ದ. ಕೆಳಗಿನಿಂದ ನೋಡಿದವನಿಗೆ ಉದ್ದ ಕಾಣುತ್ತದೆ, ಅಗಲ ಕಾಣುತ್ತದೆ. ದಪ್ಪ ಎಲ್ಲಿಂದ ಕಾಣಬೇಕು? ಹಿಂದೆ ಎಲ್ಲರ ಮನೆಯದೂ ನಾಲ್ಕಿಂಚೇ ಇದ್ದದ್ದರಿಂದ ಲೆಕ್ಕ ಕೂತಿತ್ತು, ಅಷ್ಟೇ.

ಹಾಗಂತ ಮುದುಕನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಇಟ್ಟಿಗೆ ಮುಜೀಬನದು, ಕಬ್ಬಿಣ ಮುಜೀಬನದು, ಕೂಲಿ ಮುಜೀಬನದು. ಆ ಮನೆಗೆ ತಂದೆ ಕೊಟ್ಟದ್ದು ಎರಡೇ: ಬಾಡಿಗೆ ಇಲ್ಲದ ಪ್ಲೇಟು ಮತ್ತು ಎಷ್ಟು ಚೀಲ ಅನ್ನುವ ಮಾತು. ಆ ಮಾತನ್ನೂ ಕಿತ್ತುಕೊಂಡರೆ ಅವನು ಸ್ವಂತ ಮನೆಯಲ್ಲಿ ನೆಂಟನಾಗುತ್ತಿದ್ದ.

“ನನ್ನ ಲೆಕ್ಕ ಬ್ಯಾಡಂದ್ರ ನನ್ನ ಪ್ಲೇಟೂ ಬ್ಯಾಡ” ಎಂದು ಕೈ ತೊಳೆದು ಎದ್ದ. “ಕೂಡ್ಲಿಗಿಯಿಂದ ಬಾಡಿಗಿ ತಂದು ಬಡ್ಕೊಳ್ರಿ. ಸಾಬರ ಮನಿಗೇ ಬ್ಯಾರೆ ಪ್ಲೇಟು ಬಂದಾವ ಅಂತ ಊರು ನೋಡ್ಲಿ.”

ಮುಜೀಬ ಅಂಗಡಿಗೆ ಎಂಬತ್ತು ಚೀಲವೇ ಹೇಳಿದ. ಜಲ್ಲಿ, ಎಂ-ಸ್ಯಾಂಡ್ ಕೂಡ ಅದೇ ಅಳತೆಗೆ ಬಂದು ಹಿಂದಿನ ಖಾಲಿ ಸೈಟಿನಲ್ಲಿ ಬಿತ್ತು. ಮುಂದಿನ ರಸ್ತೆಯಲ್ಲಿ ಚರಂಡಿಗೆ ಅಗೆದಿದ್ದರಿಂದ ಮಿಕ್ಸರೂ ಹಿಂದೆಯೇ ನಿಲ್ಲಬೇಕಾಗಿತ್ತು.

ಆ ಸಂಜೆ ಗುಲಫಶಾ ಜಲ್ಲಿ ರಾಶಿಯ ಪಕ್ಕ ಅಣ್ಣನನ್ನು ಹಿಡಿದಳು.

“ಭಯ್ಯಾ, ಇದು ಸಾಲಂಗಿಲ್ಲ. ನಿನಗೂ ಗೊತ್ತೈತಿ.”

“ಗೊತ್ತೈತಿ ಗುಲ್ಲೂ. ಏನು ಮಾಡ್ಲಿ? ಹೇಳು. ಅವರ ಬಾಯಿಗೆ ಯಾರು ಕೈ ಹಾಕ್ತಾರ?”

“ಸುಮ್ನ ಇನ್ನೊಂದು ಟ್ರ್ಯಾಕ್ಟರ್ ತರಿಸಿಬಿಡು.”

“ಅವರು ದಿನಾ ಬಂದು ರಾಶಿ ನೋಡ್ತಾರ. ಮತ್ತ ರಾಮಾಯಣ ಆಗತೈತಿ.” ಮುಜೀಬ ಕೈಯ ಗ್ರೀಸು ಒರೆಸಿಕೊಂಡ. ಕೆಟ್ಟವನಲ್ಲ ಅವನು. ದಣಿದಿದ್ದ. ದಣಿದವರು ಸುಲಭದ ದಾರಿ ಹುಡುಕುತ್ತಾರೆ. “ಕಮ್ಮಿ ಬಿದ್ರ ಎಷ್ಟು ಬೀಳತೈತಿ? ಒಂದು ರೂಮಿಂದು. ಮಿಕ್ಸರ್ ಹಿಂದ ಐತಿ. ದೂರದ ಕಡೆಯಿಂದ ಹಾಕ್ಕೊಂತ ಬರ್ತಾರ, ಮುಂದಿನ ಪೋರ್ಟಿಕೋ, ಹಾಲು, ಅಡಗಿಮನಿ. ಕಡೀಕ ಬರೋದು ಹಿಂದಿನ ರೂಮು. ಅದಕ್ಕ ಸದ್ಯಕ್ಕ ಹಳೇ ತಗಡು ಹಾಕಿದ್ರಾತು.”

ಹಿಂದಿನ ರೂಮು ಅಂದನೇ ಹೊರತು ನಿನ್ನ ರೂಮು ಅನ್ನಲಿಲ್ಲ ಎನ್ನುವುದು ಗುಲಫಶಾಳಿಗೆ ತಟ್ಟಿತು. ಮತ್ತೆ ಆ ಮನೆಯ ‘ಸದ್ಯಕ್ಕೆ’ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಚ್ಚಲಿಗೆ ಸದ್ಯಕ್ಕೆ ಅಂತ ಕಟ್ಟಿದ ಗೋಣಿತಟ್ಟು ಅವಳು ಹೈಸ್ಕೂಲಿಗೆ ಹೋಗುವಾಗಲೂ ಇತ್ತು, ಮದುವೆಯಾಗಿ ಹೋಗುವಾಗಲೂ ಇತ್ತು, ಬಿಟ್ಟು ಬಂದಾಗಲೂ ಅದೇ ಗೋಣಿತಟ್ಟು ಅವಳನ್ನು ಬರಮಾಡಿಕೊಂಡಿತ್ತು.

ಮಾರನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ತಾಯಿ ರೊಟ್ಟಿ ತಟ್ಟುತ್ತಿದ್ದಳು. ಗುಲಫಶಾ ಬೇಯಿಸುತ್ತಿದ್ದಳು. ಪರ್ವೀನ್ ಬದನೆಕಾಯಿ ಹೆಚ್ಚುತ್ತಿದ್ದಳು.

“ನಿಮ್ಮ ಅಬ್ಬಾ ನಿಮ್ಮ ಅಬ್ಬಾ ಅಂತ ಎಲ್ಲಾರೂ ಕುಣೀತೀರಿ” ಅಂದಳು ಮಹಬೂಬ್ ಬೀ. “ಏನು ತಪ್ಪು ಅಂತ ನನಗರ ತಿಳಿಯಂಗ ಹೇಳು.”

ಗುಲಫಶಾ ಹಂಚಿನ ಕಡೆ ತೋರಿಸಿದಳು. “ಅಮ್ಮಿ, ಈ ಹಂಚಿನ ತುಂಬ ಒಂದು ರೊಟ್ಟಿ ತಟ್ತೀರಿ. ನೀವು ತೆಳ್ಳಗ ತಟ್ಟಿದ್ರ ಈ ಹಿಟ್ಟಿಗೆ ಎಲ್ಲಾರಿಗೂ ಆಗತೈತಿ. ಅದೇ ಹಂಚು, ಅದೇ ಹಿಟ್ಟು, ದಪ್ಪ ತಟ್ಟಿದ್ರ?”

“ಕಡೀಕ ಕೂತವರಿಗೆ ಇರಂಗಿಲ್ಲ.”

“ಅಷ್ಟೇ ಅಮ್ಮಿ. ಅಬ್ಬಾ ಹಂಚು ಎಣಸ್ತಾರ. ದಪ್ಪ ಎಣಸಂಗಿಲ್ಲ.”

ಮಹಬೂಬ್ ಬೀ ಹಿಟ್ಟಿನ ಮೇಲೆ ಕೈ ಹಾಗೇ ಇಟ್ಟುಕೊಂಡು ಮಗಳ ಮುಖ ನೋಡಿದಳು. “ಕಡೀಕ ಕೂತವರು ಯಾರು?”

ಗುಲಫಶಾ ಒಲೆಗೆ ಕಟ್ಟಿಗೆ ದೂಡಿದಳು. ಪರ್ವೀನ್ ಈಳಿಗೆಯಿಂದ ಕತ್ತೆತ್ತದೆ ಅಂದಳು, “ಹಿಂದಿನ ರೂಮಿಗೆ ತಗಡಂತ ಅತ್ತಿ. ನನಗ ಇವರು ಹೇಳ್ಯಾರ.” ಇನ್ನೊಂದು ಬದನೆಕಾಯಿ ಕೈಗೆತ್ತಿಕೊಂಡು ತಾನೇ ಮುಂದುವರಿಸಿದಳು. “ನಾನೇನು ಹೇಳ್ಲಿ? ನನ್ನ ಅಡಗಿಮನಿ ಉಳೀತಲ್ಲ ಅಂತ ಖುಷಿಪಟ್ಟೆ. ಸುಳ್ಳು ಯಾಕ ಹೇಳ್ಬೇಕು. ಆಮ್ಯಾಲೆ ನಿದ್ದಿ ಬರ್ಲಿಲ್ಲ. ಹರಪನಹಳ್ಳಿಯಾಗ ನಮ್ಮಕ್ಕನೂ ಹಿಂಗ ಬಂದಾಳ. ನಮ್ಮಣ್ಣ ಆಕಿಗೆ ಪಡಸಾಲ್ಯಾಗ ಹಾಸಿ ಕೊಟ್ಟಾನ. ಸದ್ಯಕ್ಕಂತ. ಐದು ವರ್ಷಾತು.”

ಮಹಬೂಬ್ ಬೀ ಹಿಟ್ಟನ್ನು ಮತ್ತೆ ಒಟ್ಟುಗೂಡಿಸಿ, ಬೇರೆ ರೀತಿ ತಟ್ಟಲು ಶುರು ಮಾಡಿದಳು.

ಮಧ್ಯಾಹ್ನ ಹೈದರಸಾಬನ ತಟ್ಟೆಗೆ ಬೆರಳು ದಪ್ಪದ ಒಂದು ರೊಟ್ಟಿ ಬಿತ್ತು. ತಿಂದ. ಇನ್ನೊಂದು ಹಾಕು ಅಂದ.

“ಇಲ್ಲ” ಅಂದಳು ಮಹಬೂಬ್ ಬೀ.

“ಇಲ್ಲಂದ್ರ? ದಿನಾ ಮೂರು ತಿಂತೀನಿ.”

“ಹಿಟ್ಟು ದಿನದಷ್ಟೇ. ಹಂಚು ದಿನದ್ದೇ. ಇವತ್ತು ದಪ್ಪ ತಟ್ಟೀನಿ.”

ಕೂಸುಗಳು ಕಿಸಕ್ಕನೆ ನಕ್ಕವು. ಮುಜೀಬ ನೀರಿನ ಲೋಟ ಬಾಯಿಗೆ ಅಡ್ಡ ಹಿಡಿದ. ಹೈದರಸಾಬ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ, ಖಾಲಿ ಬುಟ್ಟಿಯನ್ನು ನೋಡಿದ. ಅವನಿಗೆ ಅರ್ಥವಾಯಿತು ಅಂತಲೇ ನನ್ನ ನಂಬಿಕೆ, ಯಾಕೆಂದರೆ ಅರ್ಥವಾಗದಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

“ರೊಟ್ಟಿ ಬ್ಯಾರೆ, ಛತ್ತು ಬ್ಯಾರೆ!” ಎಂದು ಕೂಗಿದ. “ಹೆಂಗಸರು ಕೂಡಿ ನನಗ ಪಾಠ ಹೇಳ್ತೀರೇನು? ನಾಳೆ ಹೇಳ್ತೀರಿ, ನೀನು ಸೆಂಟ್ರಿಂಗ್ ಬಿಡು, ಮೂಲ್ಯಾಗ ಕೂಡ್ರು ಅಂತ.”

“ಯಾರು ಹಂಗಂದ್ರು?”

“ಅನ್ನಾಕ ಬೇಕೇನು?” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಬಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು ಹೊಟ್ಟೆ ತುಂಬಿಸಿಕೊಂಡನಂತೆ. ಸಂಜೆ ವಾಪಸು ಬಂದ. ಇನ್ನೊಂದು ಟ್ರ್ಯಾಕ್ಟರ್ ಜಲ್ಲಿ ತರಿಸಿ ಅಂತ ಮಾತ್ರ ಅನ್ನಲಿಲ್ಲ. ಒಮ್ಮೆ ಬಾಯಿಂದ ಬಿದ್ದ ಎಂಬತ್ತನ್ನು ವಾಪಸು ತೆಗೆದುಕೊಳ್ಳುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ.

ಮುಂದಿನ ವಾರ ಸೆಂಟ್ರಿಂಗ್ ಕೆಲಸ ಶುರುವಾಯಿತು. ಆಳುಗಳು ಶೆಡ್ಡಿನಿಂದ ಪ್ಲೇಟು ಹೊರತೊಡಗಿದರು. ನೂರಾ ಐವತ್ತು ಬೇಕಾಗಿತ್ತು. ಹೊರಗಿನ ರಾಶಿ ಮುಗಿಯಿತು. ಉಳಿದದ್ದು ಸೀರೆ ಹೊದ್ದುಕೊಂಡ ಪ್ಲೇಟುಗಳು. ಗುಲಫಶಾ ಶಾಲೆಯಿಂದ ಬಂದಾಗ ಅವಳ ಗೋಡೆ ಇರಲಿಲ್ಲ. ಚಾಪೆ, ದಿಂಬು, ಪುಸ್ತಕಗಳು ಎಲ್ಲರ ಕಣ್ಣೆದುರಿಗೆ ಬಿದ್ದಿದ್ದವು. ಅವಳು ಸೀರೆ ಮಡಿಚಿಟ್ಟು, ಬಟ್ಟೆ ಬದಲಾಯಿಸಲು ಪಕ್ಕದ ಮನೆಗೆ ಹೋದಳು.

ಹೈದರಸಾಬ ಜಾಕಿಗೆ ಹಾಕುವ ಗೂಟ ಆರಿಸುತ್ತ ಇದನ್ನು ನೋಡಿದ. ಮಹಬೂಬ್ ಬೀ ಅವನು ನೋಡುವುದನ್ನು ನೋಡಿದಳು.

“ನಿಮ್ಮ ಛತ್ತು ಹೊರಾಕ ಆಕಿ ಗೋಡಿ ಹೋತು” ಅಂದಳು.

“ಬಿಚ್ಚಿದ ಮ್ಯಾಲೆ ವಾಪಸು ಬರ್ತಾವಲ್ಲ” ಅಂದ ಹೈದರಸಾಬ. ಅಂದವನೇ ಮತ್ತೆ ಗೂಟಗಳ ಮೇಲೆ ಬಗ್ಗಿದ. ಬಹಳ ಹೊತ್ತು ಒಂದೇ ಗೂಟವನ್ನು ಕೈಯಲ್ಲಿ ಹಿಡಿದಿದ್ದ.

ಸ್ಲ್ಯಾಬಿಗೆ ಗೊತ್ತು ಮಾಡಿದ್ದು ಅಮಾವಾಸ್ಯೆಯ ಹಿಂದಿನ ದಿನ. ಅಮಾವಾಸ್ಯೆ ಹಿಡಿದರೆ ಗ್ಯಾಂಗಿನವರು ಬರುವುದಿಲ್ಲ. ಬೆಳಿಗ್ಗೆಯೇ ಮೇಸ್ತ್ರಿ ಹುಲುಗೇಶ್ ತನ್ನ ಜನರನ್ನು ಕರೆದುಕೊಂಡು ಬಂದ. ಹುಲುಗೇಶ್ ಮಿಕ್ಸರಿಗೆ ಕಾಯಿ ಒಡೆದ, ಹೈದರಸಾಬ ಫಾತಿಹಾ ಓದಿ ಸಕ್ಕರೆ ಹಂಚಿದ. ಪರ್ವೀನ್, ಗುಲಫಶಾ ದೊಡ್ಡ ದೇಗ್ಚಿಯಲ್ಲಿ ಗ್ಯಾಂಗಿಗೆ ಊಟಕ್ಕೆ ಇಟ್ಟಿದ್ದರು. ಬಂದ ಜನಕ್ಕಿಂತ ಹತ್ತು ಜನಕ್ಕೆ ಹೆಚ್ಚೇ ಇತ್ತು. ಅಡುಗೆಯ ಅಂದಾಜು ಯಾವತ್ತೂ ಮಹಬೂಬ್ ಬೀಯದು.

ಮೊದಲನೆಯ ಬುಟ್ಟಿ ಕಾಂಕ್ರೀಟು ಹಾಕುವುದು ಮನೆಯ ಹೆಂಗಸು. ಅದು ಎಲ್ಲಿ ಬೀಳುತ್ತದೋ ಅಲ್ಲಿಂದಲೇ ಗ್ಯಾಂಗು ಕೆಲಸ ಹಿಡಿಯಬೇಕು. ಅದನ್ನು ಒಂಟಿಯಾಗಿ ಬಿಟ್ಟು ಬೇರೆ ಕಡೆ ಸುರಿದರೆ ಮನೆಗೆ ಆಗಿಬರುವುದಿಲ್ಲ ಅನ್ನುತ್ತಾರೆ. ಹಿಂದಿನಿಂದ ಏಣಿ ಹತ್ತಿ, ಕಬ್ಬಿಣದ ಜಾಲದ ಮೇಲೆ ನಡೆದು, ಮುಂದಿನ ಪೋರ್ಟಿಕೋದ ಮೂಲೆಗೆ ಹೋಗಿ ಬುಟ್ಟಿ ಸುರಿಯಬೇಕೆಂದು ಮುಜೀಬ ತಾಯಿಗೆ ಹೇಳಿಕೊಟ್ಟಿದ್ದ. ಅವನು ಅಲ್ಲೇ ಹೋಗಿ ನಿಂತಿದ್ದ, ಫೋನು ಹಿಡಿದು ಫೋಟೋ ತೆಗೆಯಲು.

ಹೈದರಸಾಬ ಯಾವತ್ತಿನಂತೆ ಕೆಳಗೆ, ಜಾಕುಗಳ ನಡುವೆ ಇದ್ದ.

ಮಹಬೂಬ್ ಬೀ ತಲೆಯ ಸೆರಗು ಬಿಗಿ ಮಾಡಿ, ಬುಟ್ಟಿ ಸೊಂಟಕ್ಕಿಟ್ಟುಕೊಂಡು ಏಣಿ ಹತ್ತಿದಳು. ಮೇಲೆ ಬಂದು ನಿಂತು ಉಸಿರು ಬಿಟ್ಟಳು. ಮುಂದೆ ಮಗ ಕೈ ಬೀಸುತ್ತಿದ್ದ. ಅವಳು ಅತ್ತ ಹೋಗಲಿಲ್ಲ. ಪಕ್ಕಕ್ಕೆ ತಿರುಗಿ, ಎರಡು ಹೆಜ್ಜೆ ಇಟ್ಟು, ಹಿಂದಿನ ರೂಮಿನ ಮೂಲೆಗೆ ಹೋಗಿ ಬುಟ್ಟಿಯನ್ನು ಕವುಚಿಬಿಟ್ಟಳು.

“ಅಮ್ಮೀ! ಅಲ್ಲಲ್ಲ, ಇಲ್ಲಿ!” ಮುಜೀಬ ಕೂಗಿದ.

“ಹಾಕಿ ಆತು” ಅಂದಳು ಮಹಬೂಬ್ ಬೀ.

“ಮೊಣಕಾಲು ನೋವಾತೇನು?”

“ಮೊಣಕಾಲು ಚಲೋ ಐತಿ.”

ಹುಲುಗೇಶ್ ಸೊಂಟದ ಮೇಲೆ ಕೈ ಇಟ್ಟುಕೊಂಡ. “ಯಜಮಾನ್ರೇ, ಬುಟ್ಟಿ ಬಿದ್ದಲ್ಲಿಂದ ನಾ ಹಿಡೀಬೇಕು. ಆದ್ರ ಹಿಂದಿನಿಂದ ಹಿಡಿದ್ರ ಮುಂದಕ್ಕ ಹೋಗೋದಕ್ಕ ಹಸಿ ಕಾಂಕ್ರೀಟಿನ ಮ್ಯಾಲೆ ತಿರುಗಾಡಬೇಕು. ಹಾದಿಗೆ ಹಲಗಿ ಬೇಕು. ಇಲ್ಲಾಂದ್ರ ಇದನ್ನ ಬಳಕೊಂಡು ಮುಂದಕ್ಕ ಒಯ್ಯಾಣ, ಏನಂತೀರಿ?”

ಮುಜೀಬ ಏನು ಹೇಳುತ್ತಿದ್ದನೋ. ಅಷ್ಟರಲ್ಲಿ ಪರ್ವೀನ್ ಏಣಿ ಹತ್ತಿ ಬಂದಳು. ಅವಳ ಸೊಂಟದ ಮೇಲೂ ಒಂದು ಬುಟ್ಟಿ ಇತ್ತು. ಯಾರನ್ನೂ ನೋಡದೆ, ಅತ್ತೆ ಹಾಕಿದ ರಾಶಿಯ ಮೇಲೆಯೇ ತನ್ನದನ್ನೂ ಸುರಿದಳು. ಮುಜೀಬ ಹೆಂಡತಿಯ ಮುಖ ನೋಡಿ ಫೋನು ಕಿಸೆಗೆ ಹಾಕಿಕೊಂಡ.

ಕೆಳಗೆ ಹೈದರಸಾಬನಿಗೆ ಮಾತು ಸರಿಯಾಗಿ ಕೇಳಿಸಿರಲಿಲ್ಲ. ಆದರೆ ಹಿಂದಿನ ರೂಮಿನಲ್ಲಿ ಎರಡು ಪ್ಲೇಟಿನ ಸಂದಿನಿಂದ ಸಿಮೆಂಟಿನ ನೀರು ತೊಟ್ಟಿಕ್ಕುತ್ತಿತ್ತು. ಅವನು ಹೋಗಿ ಅದರ ಕೆಳಗೆ ನಿಂತ. ಒಂದು ಹನಿ ಗಡ್ಡದ ಮೇಲೆ ಬಿತ್ತು. ಎಲ್ಲಿಂದ ಶುರುವಾಗಿದೆ, ಎಲ್ಲಿಗೆ ಮುಗಿಯುತ್ತದೆ, ಎಲ್ಲಿ ಮುಗಿಯುವುದಿಲ್ಲ ಎಲ್ಲವೂ ಅವನಿಗೆ ಅಲ್ಲೇ ತಿಳಿಯಿತು. ಮುಂದಿನ ಪೋರ್ಟಿಕೋ ಅವನ ಆಸೆಯದು. ಅಲ್ಲಿ ಕುರ್ಚಿ ಹಾಕಿಕೊಂಡು, ರಸ್ತೆಯಲ್ಲಿ ಹೋಗುವವರು ಸಲಾಂ ಅಂದರೆ ತಿರುಗಿ ಸಲಾಂ ಅನ್ನುತ್ತ ಕೂರಬೇಕೆಂದು ಅವನು ಬುನಾದಿ ಹಾಕಿದ ದಿನದಿಂದ ಹೇಳುತ್ತಿದ್ದ.

ಮೇಲಿನಿಂದ ಹುಲುಗೇಶ್ ಮತ್ತೆ ಕೂಗಿದ, “ಹಲಗಿ ಅದಾವೇನ್ರಿ, ಇಲ್ಲೇನು?”

ಹೈದರಸಾಬ ಹೊರಗೆ ಬಂದ. “ಅದಾವ” ಅಂದ. ಶೆಡ್ಡಿಗೆ ಹೋಗಿ ಮೊದಲನೆಯ ಹಲಗೆಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದ.

ಕೆಲಸ ಹಿಂದಿನಿಂದ ಮುಂದಕ್ಕೆ ಸಾಗಿತು. ಗುಲಫಶಾಳ ರೂಮು ತುಂಬಿತು, ಅಡುಗೆಮನೆ ತುಂಬಿತು, ಹಾಲು ತುಂಬಿತು. ಮಧ್ಯಾಹ್ನದ ಊಟ ಮುಗಿಸಿ ಮತ್ತೆ ಮಿಕ್ಸರ್ ಹಚ್ಚಿದ ಸ್ವಲ್ಪ ಹೊತ್ತಿಗೆ ಸಲಿಕೆಗೆ ನೆಲದ ಮಣ್ಣು ತಾಕತೊಡಗಿತು. ಜಲ್ಲಿ ಮುಗಿದಿತ್ತು. ಪೋರ್ಟಿಕೋ ಪೂರ್ತಿ ಬಾಕಿ ಇತ್ತು. ಸಿಮೆಂಟು ಅಂಗಡಿಯಲ್ಲಿ ಸಿಗುತ್ತಿತ್ತು, ಜಲ್ಲಿ ಎಲ್ಲಿಂದ ತರಬೇಕು? ಮುಜೀಬ ಕ್ರಷರಿಗೆ ಫೋನು ಮಾಡಿದ. ಅವರು ಅಮಾವಾಸ್ಯೆಯ ಪೂಜೆಗೆಂದು ಮಷೀನು ನಿಲ್ಲಿಸಿ ತೊಳೆಯುತ್ತಿದ್ದರು.

“ಗೋಡಿ ಮಟ್ಟಕ್ಕ ನಿಲ್ಲಸ್ತೀನಿ” ಅಂದ ಹುಲುಗೇಶ್. “ಮುಂದ ಕಬ್ಬಿಣ ಚಾಚಿರ್ಲಿ, ಆಮ್ಯಾಲೆ ಹಾಕ್ಸಿಕೊಳ್ರಿ. ಅಡ್ಡ ಹಲಗಿ ಬಡೀಬೇಕು.”

ಎಲ್ಲರೂ ಹೈದರಸಾಬನ ಕಡೆ ನೋಡಿದರು. ನಲವತ್ತು ವರ್ಷದಲ್ಲಿ ಮೊದಲನೆಯ ಸಲ ಅವನ ಎಂಬತ್ತು ಸೋತಿತ್ತು, ಅದೂ ಸ್ವಂತ ಮನೆಯಲ್ಲಿ. ಅವನು ಸುತ್ತಿಗೆ, ಮೊಳೆ ತೆಗೆದುಕೊಂಡು ಏಣಿ ಹತ್ತಿದ. ಕಾಂಕ್ರೀಟು ಹಾಕುವ ದಿನ ಅವನು ಸ್ಲ್ಯಾಬಿನ ಮೇಲಕ್ಕೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮುಂಬಾಗಿಲ ಮೇಲಿನ ಗೋಡೆಗೆ ಸರಿಯಾಗಿ ಅಡ್ಡ ಹಲಗೆ ಇಟ್ಟು ಬಡಿದ. ಹಸಿ ಕಾಂಕ್ರೀಟಿನ ಅಂಚು ಅವನ ಕಣ್ಣೆದುರಿಗೇ ಇತ್ತು. ಬೆರಳಿಟ್ಟು ಅದರ ದಪ್ಪ ನೋಡಿದ. ಬೆರಳು ಒರೆಸಿಕೊಂಡು ಇಳಿದ.

ಆ ಸಂಜೆ ಎಲ್ಲರೂ ಉಳಿದ ಅನ್ನ ಹಂಚಿಕೊಂಡು ಉಣ್ಣುತ್ತಿದ್ದರು. ಹೈದರಸಾಬ ತಟ್ಟೆ ನೋಡುತ್ತಲೇ ಹೆಂಡತಿಗೆ ಕೇಳಿದ.

“ಕಮ್ಮಿ ಬೀಳತೈತಿ ಅಂತ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತ ಮೊದ್ಲೇ ಜಗಳ ಮಾಡ್ಬೇಕಿತ್ತು.”

“ಒಂದು ದಿನ ಒಂದೇ ರೊಟ್ಟಿ ಹಾಕಿ ಕಳಿಸಿದೆ, ಕೇಳಿದ್ರೇನು?” ಮಹಬೂಬ್ ಬೀ ಅವನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು. “ನಿಮ್ಮ ಲೆಕ್ಕ ತಿದ್ದೋದು ನನ್ನ ಕೈಯಾಗ ಇರ್ಲಿಲ್ಲ. ಕಮ್ಮಿ ಬಿದ್ದಿದ್ದು ಯಾರ ತಲಿ ಮ್ಯಾಲೆ ಬೀಳ್ಬೇಕು ಅನ್ನೋದಿತ್ತಲ್ಲ, ಅದು ಒಂದು ಬುಟ್ಟಿಯಷ್ಟು ನನ್ನ ಕೈಯಾಗಿತ್ತು.”

ಮುಜೀಬ ತಲೆ ತಗ್ಗಿಸಿದ. ಗುಲಫಶಾ ಎದ್ದು ನೀರು ತರುವ ನೆವದಲ್ಲಿ ಹೊರಗೆ ಹೋದಳು.

ಸ್ಲ್ಯಾಬಿಗೆ ನೀರು ಕಟ್ಟಿದರು, ವಾರಗಳು ಕಳೆದವು, ಪ್ಲೇಟು ಬಿಚ್ಚಿದರು. ಹಿಂದಿನ ರೂಮಿನ ಪ್ಲೇಟುಗಳನ್ನು ಹೈದರಸಾಬ ಆಳುಗಳಿಗೆ ಮುಟ್ಟಗೊಡದೆ ತಾನೇ ಬಿಚ್ಚಿದ. ಕಿಟಕಿ, ಗೋಡೆಯ ಗಿಲಾವು ಅಂತ ಮುಜೀಬನ ಕೈ ಬರಿದಾಯಿತು. ಪೋರ್ಟಿಕೋದ ಮಾತು ಬಂದಾಗ ಅವನೇ ನಾಚಿಕೊಂಡು “ಸದ್ಯಕ್ಕ...” ಅಂದ. ಹಿಂದಿನ ರೂಮಿಗೆ ಅಂತ ತೆಗೆದಿಟ್ಟಿದ್ದ ಹಳೆಯ ತಗಡುಗಳೇ ಮುಂದಕ್ಕೆ ಹೋದವು. ತಗಡು ಅರ್ಧಕ್ಕಷ್ಟೇ ಸಾಲಿದ್ದರಿಂದ, ಅಲ್ಲಿ ನಿಲ್ಲಬೇಕಿದ್ದ ಮುಜೀಬನ ಕಾರು ಬಿಸಿಲಿನಲ್ಲಿ ನಿಂತಿತು. ಹೈದರಸಾಬ ತಗಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತ. ಸಲಾಂ ಅಂದವರಿಗೆ ಸಲಾಂ ಅಂದ. ಸಾಬರ ಮನೆಯಲ್ಲೇ ಕಮ್ಮಿ ಬಿತ್ತಂತೆ ಎಂದು ಬಸ್ಟ್ಯಾಂಡಿನಲ್ಲಿ ನಗುವವರಿದ್ದರು. ಅವನಿಗೂ ಕೇಳಿಸಿತ್ತು. ಮನೆಯಲ್ಲಿ ಅವನು ಮೊದಲಿನಷ್ಟು ಮಾತಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡ ಮಳೆ ಬಂತು. ಮುಂದೆ ತಗಡಿನ ಮೇಲೆ ಮಾತು ಕೇಳದಷ್ಟು ಸದ್ದು. ಗುಲಫಶಾ ತನ್ನ ರೂಮಿನಲ್ಲಿ ಮಕ್ಕಳ ಟೆಸ್ಟ್ ಪೇಪರ್ ತಿದ್ದುತ್ತಿದ್ದಳು. ಅವಳಿಗೆ ಮಳೆ ಬಂದದ್ದು ಕಿಟಕಿಯಿಂದ ತಿಳಿಯಿತು. ಎದ್ದು ಹೊರಗೆ ಬಂದರೆ ತಂದೆ ಇರಚಲಿಗೆ ಕಾಲು ಮಡಚಿಕೊಂಡು ಕುರ್ಚಿಯಲ್ಲಿ ಮುದುರಿದ್ದ.

“ಅಬ್ಬಾ, ಒಳಗ ಬರ್ರಿ.”

“ನನಗ ತಗಡು ರೂಢಿ ಐತಿ.”

“ಬರ್ರಿ ಅಂದೆ.” ಅವಳು ಕುರ್ಚಿಯ ಕೈ ಹಿಡಿದು ಎಳೆದಳು.

ಅವನು ಅವಳ ರೂಮಿಗೆ ಬಂದ. ಪ್ಲೇಟು ಬಿಚ್ಚಿದ ಮೇಲೆ ಬಂದಿರಲಿಲ್ಲ. ಗೋಡೆಗೆ ಕಪಾಟು, ಕಿಟಕಿಗೆ ಆ ಹಳೆಯ ಸೀರೆಯದೇ ಪರದೆ. ಅವಳು ಮಂಚ ಖಾಲಿ ಮಾಡಿಕೊಟ್ಟಳು. ಹೈದರಸಾಬ ಮಲಗಿ ಮೇಲೆ ನೋಡಿದ. ಇನ್ನೂ ಗಿಲಾವು ಕಾಣದ ಛತ್ತಿನಲ್ಲಿ ಅವನ ಪ್ಲೇಟುಗಳ ಗೆರೆ ಸಾಲುಸಾಲಾಗಿ ಉಳಿದಿದ್ದವು. ಅವನ ತುಟಿ ತನ್ನಷ್ಟಕ್ಕೆ ಅಲುಗಿತು.

“ಹದಿನೇಳು ಪ್ಲೇಟು” ಅಂದ.

ಗುಲಫಶಾ ನಕ್ಕಳು. ಬಹಳ ದಿನದ ಮೇಲೆ ಅಪ್ಪನನ್ನು ಕೆಣಕುವ ಮನಸ್ಸಾಯಿತು. ರಸ್ತೆಯ ಗಿರಾಕಿಗಳ ದನಿಯಲ್ಲೇ ಕೇಳಿದಳು.

“ಸಾಬ್ರೇ, ಸಿಮೆಂಟು ಎಷ್ಟು ಹಿಡೀತೈತಿ?”

ಹೈದರಸಾಬ ಗಡ್ಡಕ್ಕೆ ಕೈ ಹಾಕಿದ. ಬಾಯಿ ತೆರೆದ, ಮುಚ್ಚಿದ. ಛತ್ತಿನಿಂದ ಕಣ್ಣು ತೆಗೆದು ಮಗಳ ಕಡೆ ಹೊರಳಿದ.

“ದಪ್ಪ ಎಷ್ಟು ಐತಿ ಅಂತ ಮೊದ್ಲು ನೀ ಹೇಳವ್ವ” ಅಂದ.